ಒಂದನೇ ಸೈಡು, ಎರಡನೇ ಸೈಡು

ಬೀಟಲ್ಸ್ ತಂಡದ 'ಆ್ಯಬಿ ರೋಡ್' ಆಲ್ಬಮ್ಮಿನ ರೆಕಾರ್ಡಿನಲ್ಲಿ ಮೊದಲ ಸೈಡು ಕತ್ತರಿ ಆಡಿಸಿದಂತೆ ನಿಲ್ಲುತ್ತದೆ. 'ಐ ವಾಂಟ್ ಯು' ಹಾಡಿನ ಕೊನೆಯ ಮೂರು ನಿಮಿಷ ಒಂದೇ ಗಿಟಾರ್ ತುಣುಕು ಸುತ್ತಿ ಸುತ್ತಿ ಬರುತ್ತದೆ. ಮೂಗ್ ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಿಂದ ಎಬ್ಬಿಸಿದ ಬಿರುಗಾಳಿಯಂಥ ಸದ್ದು ಅದರ ಮೇಲೆ ಏರುತ್ತಲೇ ಹೋಗುತ್ತದೆ. ಏಳೂಮುಕ್ಕಾಲು ನಿಮಿಷದ ಹೊತ್ತಿಗೆ, ಇನ್ನೂ ಏರುತ್ತದೆ ಎಂದುಕೊಳ್ಳುವಾಗಲೇ, ಟೇಪು ಕಟ್. ಜಾನ್ ಲೆನನ್ ಬೇಕೆಂದೇ ಅಲ್ಲಿ ಕತ್ತರಿಸಲು ಹೇಳಿದ್ದು. ಆಮೇಲೆ ಮೌನ. ಎದ್ದು ಹೋಗಿ, ರೆಕಾರ್ಡ್ ಮಗುಚಿ, ಸೂಜಿ ಇಟ್ಟರೆ ಜಾರ್ಜ್ ಹ್ಯಾರಿಸನ್‌ನ ಅಕೂಸ್ಟಿಕ್ ಗಿಟಾರ್, 'ಹಿಯರ್ ಕಮ್ಸ್ ದ ಸನ್' (ಇಗೋ ಬಂತು ಬಿಸಿಲು). ರೆಕಾರ್ಡ್ ಮಗುಚುವ ಆ ಅರ್ಧ ನಿಮಿಷವೂ ಆಲ್ಬಮ್ಮಿಗೆ ಸೇರಿದ್ದೇ. ಫೋನಿನಲ್ಲಿ ಕೇಳಿದರೆ ಎರಡನೇ ಸೆಕೆಂಡಿಗೇ ಬಿಸಿಲು ಬಂದುಬಿಡುತ್ತದೆ. ಬಿರುಗಾಳಿ ನಿಂತದ್ದು ಕಿವಿಗೆ ತಿಳಿಯುವಷ್ಟೂ ಪುರುಸೊತ್ತಿರುವುದಿಲ್ಲ.

ಕ್ಲಾಸಿಕ್ ರಾಕನ್ನು, ಅಂದರೆ ಮುಖ್ಯವಾಗಿ ಅರವತ್ತು-ಎಪ್ಪತ್ತರ ದಶಕದ ರಾಕ್ ಸಂಗೀತವನ್ನು, ರೇಡಿಯೊದಲ್ಲೂ ಆಲ್ಬಮ್ಮಿನಲ್ಲೂ ವಾರವಾರ ಕ್ರಮವಾಗಿ ಕೇಳಬೇಕು ಎನ್ನುವವರಿಗೆ ಹೇಳುವುದು ಇಷ್ಟೇ: ಸೈಡನ್ನೇ ಅಳತೆಯಾಗಿ ಇಟ್ಟುಕೊಳ್ಳಿ. 1948ರಲ್ಲಿ ಕೊಲಂಬಿಯ ಕಂಪನಿ ತಂದ 12 ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಬದಿಯಲ್ಲಿ 20–22 ನಿಮಿಷ ಹಿಡಿಯುತ್ತದೆ. ಇನ್ನೂ ತುರುಕಬಹುದು. ಆದರೆ ಸೂಜಿ ಓಡುವ ಗೀರುಗಳು ಒತ್ತೊತ್ತಾಗಿ ಬಂದು ಬೇಸ್ (ತಗ್ಗಿನ ಸ್ವರಗಳ ಸದ್ದು) ತಗ್ಗಿಸಬೇಕಾಗುತ್ತದೆ, ಒಟ್ಟು ಸದ್ದೂ ಇಳಿಯುತ್ತದೆ. ಅರವತ್ತರ ದಶಕದ ನಡುವಿನಿಂದ ಸಿಡಿ ಬರುವವರೆಗೆ ಈ ಸಂಗೀತಗಾರರೆಲ್ಲ ಈ ಅಳತೆಯೊಳಗೇ ಯೋಚಿಸಿದರು. 1977ರ 'ರೂಮರ್ಸ್' ಮಾಡುವಾಗ ಫ್ಲೀಟ್‌ವುಡ್ ಮ್ಯಾಕ್ ತಂಡ ಸ್ಟೀವಿ ನಿಕ್ಸ್‌ಳ 'ಸಿಲ್ವರ್ ಸ್ಪ್ರಿಂಗ್ಸ್' ಹಾಡನ್ನು ಕೈಬಿಟ್ಟಿತು. ಉದ್ದದ ಹಾಡು, ಸೈಡಿನಲ್ಲಿ ಜಾಗವಿರಲಿಲ್ಲ. ಅದು ಒಂದು ಸಿಂಗಲ್‌ನ (ಬದಿಗೊಂದೇ ಹಾಡಿರುವ ಪುಟ್ಟ ರೆಕಾರ್ಡಿನ) ಹಿಂಬದಿ ಸೇರಿತು. ಅದೇ ಆಲ್ಬಮ್ಮಿನ ಮೊದಲ ಸೈಡು ಪಿಯಾನೊ ಮತ್ತು ಒಂಟಿ ದನಿಯ 'ಸಾಂಗ್‌ಬರ್ಡ್'ನಲ್ಲಿ ಮುಗಿಯುತ್ತದೆ, ಎರಡನೆಯದು 'ದ ಚೈನ್'ನ ಡ್ರಮ್ ಏಟಿನಿಂದ ಶುರುವಾಗುತ್ತದೆ. ಯಾವುದರ ಪಕ್ಕ ಯಾವುದು ಕೂರಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಜೋಡಿಸಿದ್ದಾರೆ.

ಹಾಗಾದರೆ ರೇಡಿಯೊ ಯಾಕೆ ಬೇಕು? ಬೇಕೇ ಬೇಕು. ಈ ಆಲ್ಬಮ್ಮುಗಳನ್ನು ಸಾಕಿದ್ದೇ ಎಫ್‌ಎಂ ರೇಡಿಯೊ. ಅಮೆರಿಕದಲ್ಲಿ ಒಂದೇ ಮಾಲೀಕರ ಎಎಂ ಮತ್ತು ಎಫ್‌ಎಂ ಸ್ಟೇಷನ್‌ಗಳು ಇಡೀ ದಿನ ಒಂದೇ ಕಾರ್ಯಕ್ರಮ ಬಿತ್ತರಿಸುತ್ತಿದ್ದವು. ದೊಡ್ಡ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಗೆ ಮಾಡಬಾರದು ಎಂಬ ಸರ್ಕಾರಿ ನಿಯಮ 1967ರಲ್ಲಿ ಜಾರಿಗೆ ಬಂತು. ಎಫ್‌ಎಂನಲ್ಲಿ ಖಾಲಿ ಸಮಯ ಬಿತ್ತು, ಹಾಕಲು ಏನೂ ಇರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಟಾಮ್ ಡೊನಹ್ಯೂ ಎಂಬ ನಿರೂಪಕ ಸ್ಯಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಸ್ಟೇಷನ್‌ನಲ್ಲಿ ಎಲ್‌ಪಿಗಳ ಉದ್ದುದ್ದ ಹಾಡುಗಳನ್ನು ಕತ್ತರಿಸದೆ ಹಾಕತೊಡಗಿದ. ಎಪ್ಪತ್ತರ ದಶಕದಲ್ಲಿ ರಾತ್ರಿ ಹೊತ್ತು ಇಡೀ ಆಲ್ಬಮ್ ಹಾಕುವ ಸ್ಟೇಷನ್‌ಗಳಿದ್ದವು. ಕೇಳುವವರು ಸಿ-90 ಕ್ಯಾಸೆಟ್ ಹಾಕಿಕೊಂಡು ಕಾದಿರುತ್ತಿದ್ದರು. ಅದರ ಒಂದೊಂದು ಬದಿಯಲ್ಲಿ 45 ನಿಮಿಷ, ಅಂದರೆ ಒಂದು ಎಲ್‌ಪಿ ಪೂರ್ತಿ ಹಿಡಿಯುತ್ತಿತ್ತು.

ಲೆಡ್ ಝೆಪೆಲಿನ್‌ನ 'ಸ್ಟೇರ್‌ವೇ ಟು ಹೆವನ್' ಆ ಕಾಲದಲ್ಲಿ ಅಮೆರಿಕದಲ್ಲಾಗಲಿ ಬ್ರಿಟನ್‌ನಲ್ಲಾಗಲಿ ಸಿಂಗಲ್ ಆಗಿ ಬರಲೇ ಇಲ್ಲ. 8 ನಿಮಿಷದ ಆ ಹಾಡನ್ನು ಊರೂರಿಗೆ ಮುಟ್ಟಿಸಿದ್ದು ಎಫ್‌ಎಂ. ನ್ಯೂಯಾರ್ಕಿನ ಕ್ಯೂ104.3 ಸ್ಟೇಷನ್ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಕೇಳುಗರ ಮತದಿಂದ 1,043 ಹಾಡುಗಳ ಪಟ್ಟಿ ಹಾಕುತ್ತದೆ. ಬಹುತೇಕ ಪ್ರತಿ ವರ್ಷ ಅದರ ತುದಿಯಲ್ಲಿರುವುದು ಇದೇ ಹಾಡು. ನ್ಯೂಜೆರ್ಸಿ ಕಡೆ ಇರುವ ಕನ್ನಡಿಗರಿಗೆ ಇದು ಕಾರಿನಲ್ಲೇ ಸಿಗುತ್ತದೆ. ಅದೇ ಹಬ್ಬದ ದಿನ, ನವೆಂಬರಿನ ನಾಲ್ಕನೇ ಗುರುವಾರ, ಅಮೆರಿಕದ ಹಲವು ಸ್ಟೇಷನ್‌ಗಳು ಆರ್ಲೊ ಗತ್ರಿಯ 'ಆಲಿಸಸ್ ರೆಸ್ಟೊರೆಂಟ್' ಹಾಕುತ್ತವೆ. ಅದು ಹದಿನೆಂಟೂವರೆ ನಿಮಿಷದ ಹಾಡು, 1967ರ ಎಲ್‌ಪಿಯ ಒಂದನೇ ಸೈಡಿನಲ್ಲಿ ಇರುವುದು ಅದೊಂದೇ. ವಾಣಿಜ್ಯ ರೇಡಿಯೊ ಇವತ್ತಿಗೂ ಒಂದು ಸೈಡನ್ನು ಇಡಿಯಾಗಿ ಹಾಕುವ ಅಪರೂಪದ ಹೊತ್ತು ಅದು.

ಉಳಿದ ದಿನ ರೇಡಿಯೊ ಹಾಡಿಗೆ ಮೂರು ಕೆಲಸ ಮಾಡುತ್ತದೆ. ಅವನ್ನು ಗುರುತಿಸಲು ಕಲಿತರೆ ಕೇಳುವ ಸುಖ ಇಮ್ಮಡಿ.

ಮೊದಲನೆಯದು ಕತ್ತರಿ. ದ ಡೋರ್ಸ್ ತಂಡದ 'ಲೈಟ್ ಮೈ ಫೈರ್' ಆಲ್ಬಮ್ಮಿನಲ್ಲಿ 7 ನಿಮಿಷದಷ್ಟಿದ್ದರೆ, ಸಿಂಗಲ್‌ನಲ್ಲಿ 3 ನಿಮಿಷವೂ ಇಲ್ಲ. ಹೋದದ್ದು ರೇ ಮಂಜಾರೆಕ್‌ನ ಆರ್ಗನ್ ಮತ್ತು ರಾಬಿ ಕ್ರೀಗರ್‌ನ ಗಿಟಾರ್ ಸೋಲೊ, ಅಂದರೆ ಹಾಡಿನ ಹೊಟ್ಟೆಯೇ. ಡೆರಿಕ್ ಆ್ಯಂಡ್ ದ ಡಾಮಿನೋಸ್‌ನ 'ಲೈಲಾ' 7 ನಿಮಿಷ ಚಿಲ್ಲರೆ. ಗಿಡ್ಡ ಆವೃತ್ತಿಯಲ್ಲಿ ಕೊನೆಯ ಪಿಯಾನೊ ಭಾಗವೇ ಇಲ್ಲ. ಐರನ್ ಬಟರ್‌ಫ್ಲೈ ತಂಡದ 17 ನಿಮಿಷದ 'ಇನ್-ಎ-ಗಡ್ಡ-ಡ-ವಿಡ' 3 ನಿಮಿಷದೊಳಗೆ ಇಳಿಯಿತು. ರೇಡಿಯೊದಲ್ಲಿ ಕೇಳಿದಾಗ ಗಡಿಯಾರ ನೋಡಿ ಹಾಡಿನ ಉದ್ದ ಬರೆದಿಟ್ಟುಕೊಳ್ಳಿ, ಆಮೇಲೆ ಆಲ್ಬಮ್ಮಿನ ಉದ್ದಕ್ಕೆ ಹೋಲಿಸಿ. ಅರ್ಧ ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಹುಮಟ್ಟಿಗೆ ಕತ್ತರಿ ಬಿದ್ದಿದೆ. ಅದಕ್ಕಿಂತ ಕಡಿಮೆಯಾದರೆ ಕೊನೆಯಲ್ಲಿ ಬೇಗ ಸದ್ದು ಇಳಿಸಿರುತ್ತಾರೆ, ಇಲ್ಲವೇ ಆರಂಭದ ಮೇಲೆ ನಿರೂಪಕರು ಮಾತಾಡಿರುತ್ತಾರೆ.

ಎರಡನೆಯದು ವೇಗ. ಗಂಟೆಗೆ ಇನ್ನೊಂದು ಹಾಡೋ ಜಾಹೀರಾತೋ ಹಿಡಿಸಲಿ ಎಂದು ಹಾಡನ್ನು ತುಸು ವೇಗವಾಗಿ ಓಡಿಸುವ ರೂಢಿ ಹಳೆಯ ಸ್ಟೇಷನ್‌ಗಳಲ್ಲಿತ್ತು. ಹಾಗೆ ಓಡಿಸಿದರೆ ಶ್ರುತಿಯೂ ಏರುತ್ತದೆ. ಗಿಟಾರ್ ನುಡಿಸುವವರು ಜೊತೆಗೆ ನುಡಿಸಿ ನೋಡಿದರೆ ತಕ್ಷಣ ಸಿಕ್ಕಿಬೀಳುತ್ತದೆ. ತಪ್ಪು ಯಾವಾಗಲೂ ರೇಡಿಯೊದ್ದೇ ಎನ್ನುವಂತೆಯೂ ಇಲ್ಲ. 'ಲೈಟ್ ಮೈ ಫೈರ್' ಆಲ್ಬಮ್ಮಿನಲ್ಲೇ ನಿಧಾನವಾಗಿ ಮುದ್ರಣವಾಗಿತ್ತು. ನಲವತ್ತನೇ ವರ್ಷದ ಮರುಬಿಡುಗಡೆಯಲ್ಲಿ ಅದನ್ನು ಸರಿಪಡಿಸಿದರು. 'ಸಾರ್ಜೆಂಟ್ ಪೆಪರ್' ಆಲ್ಬಮ್ಮಿನ 'ಶೀಸ್ ಲೀವಿಂಗ್ ಹೋಮ್' ಹಾಡು ಸ್ಟೀರಿಯೊದಲ್ಲಿ ನಿಧಾನ, ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೋನೊದಲ್ಲಿ ಚುರುಕು. ಆ ಕಾಲಕ್ಕೆ ಬೀಟಲ್ಸ್ ಮುತುವರ್ಜಿಯಿಂದ ಕೂತು ಮಾಡಿಸುತ್ತಿದ್ದದ್ದು ಮೋನೊ ಮಿಕ್ಸನ್ನೇ (ಮಿಕ್ಸ್ ಎಂದರೆ ದನಿ, ವಾದ್ಯಗಳನ್ನು ಬೆರೆಸಿದ ರೂಪ).

ಮೂರನೆಯದು ಕಂಪ್ರೆಷನ್, ಇದು ಎಲ್ಲಕ್ಕಿಂತ ದೊಡ್ಡದು. ಪ್ರಸಾರಕ್ಕೆ ಮುಂಚೆ ಎಫ್‌ಎಂ ಸ್ಟೇಷನ್‌ನ ಪ್ರೊಸೆಸರ್ ಮೆಲುದನಿಯನ್ನು ಮೇಲೆತ್ತುತ್ತದೆ, ಜೋರುದನಿಯನ್ನು ಅದುಮುತ್ತದೆ. ಓಡುವ ಕಾರಿನಲ್ಲಿ ಕೇಳಲು ಅದು ಬೇಕು, ಇಲ್ಲದಿದ್ದರೆ ಮೆಲ್ಲನೆಯ ಭಾಗಗಳು ಎಂಜಿನ್ ಸದ್ದಿನಲ್ಲಿ ಮುಳುಗುತ್ತವೆ. ಮನೆಯಲ್ಲಿ ಕೇಳುವಾಗ ಮಾತ್ರ ನಷ್ಟ. 'ಸ್ಟೇರ್‌ವೇ'ಯಲ್ಲಿ ನಾಲ್ಕು ನಿಮಿಷ ದಾಟುವವರೆಗೆ ಡ್ರಮ್ ಇಲ್ಲವೇ ಇಲ್ಲ. ಆರಂಭದಲ್ಲಿ ಅಕೂಸ್ಟಿಕ್ ಗಿಟಾರ್, ಜಾನ್ ಪಾಲ್ ಜೋನ್ಸ್ ನುಡಿಸಿದ ರೆಕಾರ್ಡರ್ ಕೊಳಲುಗಳು, ಅಷ್ಟೇ. ಡ್ರಮ್ ನುಡಿಸುವ ಜಾನ್ ಬಾನಮ್ ಒಳಬಂದಾಗ ಕೋಣೆಯೇ ದೊಡ್ಡದಾದಂತೆ ಆಗಬೇಕು. ರೇಡಿಯೊದಲ್ಲಿ ಆರಂಭದ ಗಿಟಾರೂ ಆ ಡ್ರಮ್ಮೂ ಹೆಚ್ಚುಕಡಿಮೆ ಒಂದೇ ಗಾತ್ರ. ಇದರ ಜೊತೆಗೆ ಎಫ್‌ಎಂ ಸ್ಟೀರಿಯೊ 15 ಕಿಲೊಹರ್ಟ್ಸ್‌ವರೆಗೆ ಮಾತ್ರ ಕೊಡುತ್ತದೆ, ಏಕೆಂದರೆ 19 ಕಿಲೊಹರ್ಟ್ಸ್‌ನಲ್ಲಿ ಇದು ಸ್ಟೀರಿಯೊ ಎಂದು ರೇಡಿಯೊಗೆ ತಿಳಿಸುವ ಪೈಲಟ್ ಸಂಕೇತ ಕೂತಿರುತ್ತದೆ. ಸಿಂಬಲ್‌ಗಳ ತುದಿಯ ಮಿಂಚು ಅಲ್ಲಿ ಹೋಗುತ್ತದೆ.

ವಾರದ ಲೆಕ್ಕ ಹೀಗೆ ಇಟ್ಟುಕೊಳ್ಳಬಹುದು. ಸೋಮವಾರದಿಂದ ಶುಕ್ರವಾರ ದಿನಕ್ಕೆ ಮುಕ್ಕಾಲು ಗಂಟೆ ರೇಡಿಯೊ, ಕೆಲಸ ಮಾಡುತ್ತಲೇ ಕೇಳಿ. ಇದರಲ್ಲಿ ಮುಖ್ಯ ಲಾಭ ಆಯ್ಕೆ ನಿಮ್ಮದಲ್ಲದಿರುವುದು. ನೀವಾಗಿ ಹುಡುಕಿಕೊಂಡು ಹೋಗದ ತಂಡವೊಂದು ಕಿವಿಗೆ ಬೀಳುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಹಾಡು, ತಂಡ, ಕೇಳಿದ ಉದ್ದ ಬರೆಯಿರಿ. ಶನಿವಾರ ಆ ಪಟ್ಟಿಯಲ್ಲಿ ಒಂದೇ ಒಂದು ಹಾಡು ಆರಿಸಿ, ಅದು ಯಾವ ಆಲ್ಬಮ್ಮಿನ ಯಾವ ಸೈಡಿನಲ್ಲಿ ಎಷ್ಟನೆಯದು ಎಂದು ನೋಡಿ. ಭಾನುವಾರ ಆ ಆಲ್ಬಮ್.

ಇಂಟರ್ನೆಟ್ ರೇಡಿಯೊದಲ್ಲಿ ಅಮೆರಿಕ, ಬ್ರಿಟನ್‌ಗಳ ವಾರಾಂತ್ಯದ ಕಾರ್ಯಕ್ರಮ ಕೇಳುವವರು ಗಡಿಯಾರದ ಬಗ್ಗೆ ಎಚ್ಚರವಾಗಿರಬೇಕು. ನ್ಯೂಯಾರ್ಕಿನ ಶನಿವಾರ ರಾತ್ರಿ 9 ಎಂದರೆ ನಮಗೆ ಬೇಸಿಗೆಯಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಮೆರಿಕ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರದಲ್ಲೇ ಕಾರ್ಯಕ್ರಮ ತಪ್ಪಿಹೋಗುವುದು ಹೆಚ್ಚು.

ಭಾನುವಾರ ಫೋನ್ ಅಥವಾ ಕಂಪ್ಯೂಟರಿನಲ್ಲಿ ಕೇಳುವುದಾದರೆ ಮೊದಲು ಸೆಟ್ಟಿಂಗ್ ನೋಡಿ. ಶಫಲ್ ಆಫ್. ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ, ಇಲ್ಲದಿದ್ದರೆ 'ಐ ವಾಂಟ್ ಯು' ಕತ್ತರಿಸುವ ಜಾಗವನ್ನೇ ಅದು ನುಣ್ಣಗೆ ಮಾಡಿಬಿಡುತ್ತದೆ. ಗ್ಯಾಪ್‌ಲೆಸ್ ಎಂಬ ಆಯ್ಕೆ ಇದ್ದರೆ ಆನ್ ಇರಲಿ. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಲ್ಲಿ ಹಾಡಿನಿಂದ ಹಾಡಿಗೆ ಸದ್ದು ಹರಿಯುತ್ತದೆ, ನಡುವೆ ಒಂದು ಟಕ್ ಬಂದರೂ ಕೆಡುತ್ತದೆ. ಆಟೊಪ್ಲೇ ಆಫ್, ಇಲ್ಲವಾದರೆ ಆ ಆಲ್ಬಮ್ಮಿನ ಕೊನೆಯ ಎದೆಬಡಿತ ನಿಲ್ಲುತ್ತಿದ್ದಂತೆ ಸಂಬಂಧವಿಲ್ಲದ ಹಾಡೊಂದು ನುಗ್ಗುತ್ತದೆ. ಹಾಡುಗಳ ಸದ್ದಿನ ಮಟ್ಟ ಸಮ ಮಾಡುವ ವಾಲ್ಯೂಮ್ ನಾರ್ಮಲೈಸೇಷನ್ ಬಗ್ಗೆ ಒಂದು ಮಾತು. ಸ್ಪಾಟಿಫೈನಲ್ಲಿ ಆಲ್ಬಮ್ ಪುಟದಿಂದಲೇ ಕ್ರಮವಾಗಿ ಹಾಕಿದರೆ ಎಲ್ಲ ಹಾಡಿಗೂ ಒಂದೇ ಪ್ರಮಾಣದ ತಿದ್ದುಪಡಿ ಆಗುತ್ತದೆ, ಮೆಲ್ಲನೆಯದು ಮೆಲ್ಲಗೇ ಉಳಿಯುತ್ತದೆ. ಪ್ಲೇಲಿಸ್ಟಿನಲ್ಲಿ ಹಾಕಿದರೆ ಪ್ರತಿ ಹಾಡನ್ನೂ ಬೇರೆ ಬೇರೆಯಾಗಿ ಸಮ ಮಾಡುತ್ತದೆ. ಆಗ 'ಸಾಂಗ್‌ಬರ್ಡ್'ಗೂ 'ದ ಚೈನ್'ಗೂ ಒಂದೇ ಎತ್ತರ. ಒಂದನೇ ಸೈಡು ಮುಗಿದಾಗ ಪಾಸ್ ಒತ್ತಿ, ಎದ್ದು ನೀರು ಕುಡಿದು ಬನ್ನಿ.

ಯಾವ ಆವೃತ್ತಿ ಹಾಕುತ್ತಿದ್ದೀರಿ ಎಂಬುದೂ ಮುಖ್ಯ. ರೀಮಾಸ್ಟರ್ ಎಂದರೆ ಸಿದ್ಧವಾಗಿದ್ದ ಮಿಕ್ಸಿನ ಸದ್ದಿನ ಮಟ್ಟ, ಬಣ್ಣ ಹೊಂದಿಸಿದ್ದು. ರೀಮಿಕ್ಸ್ ಎಂದರೆ ಮೂಲ ಟೇಪಿನ ಬಿಡಿ ಬಿಡಿ ಟ್ರ್ಯಾಕುಗಳನ್ನು ಮತ್ತೆ ಬೆರೆಸಿದ್ದು. ಬೀಟಲ್ಸ್‌ನ 2009ರ ಸಾಲು ರೀಮಾಸ್ಟರ್. 2019ರ 'ಆ್ಯಬಿ ರೋಡ್' ಜೈಲ್ಸ್ ಮಾರ್ಟಿನ್ ಮಾಡಿದ ರೀಮಿಕ್ಸ್, ಅದರಲ್ಲಿ ವಾದ್ಯಗಳ ಜಾಗವೇ ಬೇರೆ. ಮೊದಲ ಸಲ ಕೇಳುವವರು 2009ರದ್ದು ಹಿಡಿಯುವುದು ಒಳ್ಳೆಯದು. ಡಿಲಕ್ಸ್ ಎಂದಿರುವವುಗಳಲ್ಲಿ ಮೂಲ ಆಲ್ಬಮ್ ಎಲ್ಲಿ ಮುಗಿಯುತ್ತದೆ ಎಂದು ಮುಂಚೆಯೇ ನೋಡಿಟ್ಟುಕೊಳ್ಳಿ, ಅಲ್ಲಿಗೆ ನಿಲ್ಲಿಸಿ. ಅರವತ್ತರ ದಶಕದ ಸ್ಟೀರಿಯೊದಲ್ಲಿ ಹಾಡುವವರು ಪೂರ್ತಿ ಒಂದು ಕಿವಿಗೆ, ಡ್ರಮ್ ಇನ್ನೊಂದಕ್ಕೆ ಇರುವುದುಂಟು. ಹೆಡ್‌ಫೋನಿನಲ್ಲಿ ಅದು ಬೇಗ ದಣಿಸುತ್ತದೆ. ಅಂಥದ್ದಕ್ಕೆ ಸ್ಪೀಕರ್ ಮೇಲು, ಇಲ್ಲವೇ ಫೋನಿನ ಮೋನೊ ಆಯ್ಕೆ.

ರೆಕಾರ್ಡ್ ಪ್ಲೇಯರ್ ಇರುವವರಿಗೆ 'ಸ್ಟೇರ್‌ವೇ'ಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅದು ಒಂದನೇ ಸೈಡಿನ ಕೊನೆಯ ಹಾಡು. ರೆಕಾರ್ಡಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಗೀರು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ಲೇಬಲ್ ಹತ್ತಿರ 21 ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆದಿರುವುದರಿಂದ ಸೂಜಿಗೆ ಓದಲು ಕಷ್ಟ. ಅದಕ್ಕೇ ಸೈಡಿನ ಕೊನೆಗೆ ಮೆಲ್ಲನೆಯ ಹಾಡು ಇಡುವ ರೂಢಿ ಇತ್ತು. 'ಸ್ಟೇರ್‌ವೇ' ತದ್ವಿರುದ್ಧ: ಜಿಮ್ಮಿ ಪೇಜ್‌ನ ಸೋಲೊ, ರಾಬರ್ಟ್ ಪ್ಲಾಂಟ್‌ನ ಕೂಗು ಎಲ್ಲ ಬಂದು ಬೀಳುವುದು ಆ ಒಳಗಿನ ಇಕ್ಕಟ್ಟಿನಲ್ಲೇ. ಅಲ್ಲಿ 'ಸ' ಅಕ್ಷರಗಳು ಉಗುಳಿದಂತೆ ಕೇಳಿದರೆ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಭಾಗ) ನೇರವಾಗಿ ಕೂತಿಲ್ಲ, ಸೂಜಿ ಸವೆದಿದೆ, ಅಥವಾ ಹಿಂದಿನ ಮಾಲೀಕರ ಸವೆದ ಸೂಜಿ ಗೀರನ್ನೇ ತಿಂದಿದೆ. ಬೇರೊಂದು ಹೊಸ ರೆಕಾರ್ಡಿನ ಕೊನೆಯ ಹಾಡು ಹಾಕಿ ನೋಡಿ. ಅದು ಚೆನ್ನಾಗಿದ್ದರೆ ಕೆಟ್ಟಿರುವುದು ರೆಕಾರ್ಡು. ಎರಡರಲ್ಲೂ ಕೆಟ್ಟಿದ್ದರೆ ಅಲೈನ್‌ಮೆಂಟ್ ಕಾಗದ (ಕಾರ್ಟ್ರಿಜ್ ನೇರ ಮಾಡಲು ಗೆರೆ ಹಾಕಿದ್ದು) ಹಿಡಿಯಿರಿ. ಬೇರ್ವಾಲ್ಡ್ ಎಂಬ ಜೋಡಣೆ ಕ್ರಮದಲ್ಲಿ ಕೇಂದ್ರದಿಂದ 66 ಮತ್ತು 120.9 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ಸಮಾನಾಂತರವಾಗಿ ಕೂರಬೇಕು.

ಸೂಜಿ ಗೀರಿನ ಮೇಲೆ ಒತ್ತುವ ತೂಕ ಹೊಂದಿಸುವಾಗ ಮೊದಲು ಆ್ಯಂಟಿ-ಸ್ಕೇಟ್ (ತೋಳು ಒಳಕ್ಕೆ ಜಾರದಂತೆ ಹಿಡಿಯುವ ವ್ಯವಸ್ಥೆ) ಸೊನ್ನೆಗೆ ತನ್ನಿ. ಹಿಂದಿನ ತೂಕ ತಿರುಗಿಸುತ್ತ ಹೋಗಿ, ತೋಳು ಗಾಳಿಯಲ್ಲಿ ಅಡ್ಡಡ್ಡ ತೇಲಿ ನಿಲ್ಲಲಿ. ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತಿರುಗಿಸಿ, ಆಮೇಲೆ ಎರಡನ್ನೂ ಸೇರಿಸಿ ಬೇಕಾದ ಅಂಕಿಗೆ ತನ್ನಿ. ಕಾರ್ಟ್ರಿಜ್ ಆಡಿಯೊ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ, ಆರ್ಟೊಫೋನ್ 2ಎಂ ರೆಡ್ ಆದರೆ 1.8. ಆ್ಯಂಟಿ-ಸ್ಕೇಟನ್ನೂ ಅದೇ ಅಂಕಿಗೆ ಇಡಿ. ತೂಕ ಕಡಿಮೆಯಾದಷ್ಟು ರೆಕಾರ್ಡ್ ಕ್ಷೇಮ ಎಂಬುದು ತಪ್ಪು ತಿಳಿವಳಿಕೆ. ಹಗುರಾದ ಸೂಜಿ ಗೀರಿನೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ, ಹೆಚ್ಚು ಹಾನಿ ಅದರಿಂದಲೇ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಹಳೆಯ ಪ್ಲೇಯರ್ ಇದ್ದರೆ ಇನ್ನೊಂದು ತೊಡಕಿದೆ. ಟ್ರಾನ್ಸ್‌ಫಾರ್ಮರ್ ಹಾಕಿ 110 ವೋಲ್ಟ್ ಕೊಟ್ಟರೂ, ಅದರಲ್ಲಿರುವುದು ಎಸಿ ಸಿಂಕ್ರೊನಸ್ ಮೋಟರ್ ಆಗಿದ್ದರೆ ವೇಗ ನಿಲ್ಲುವುದು ವಿದ್ಯುತ್ತಿನ ಹರ್ಟ್ಸ್ ಮೇಲೆ. ಅಲ್ಲಿ 60, ಇಲ್ಲಿ 50. ನಿಮಿಷಕ್ಕೆ 33⅓ರ ಬದಲು 28 ಸುತ್ತಿಗೂ ಕಡಿಮೆ ತಿರುಗುತ್ತದೆ, ಹಾಡುವವರ ದನಿ ಮಂಕಾಗಿ ದಪ್ಪಗಾಗುತ್ತದೆ. 50 ಹರ್ಟ್ಸ್‌ನ ಪುಲ್ಲಿ ಹಾಕಿಸಬೇಕು. ವೇಗ ನೋಡುವ ಸ್ಟ್ರೋಬ್ ತಟ್ಟೆಯೂ ಹಾಗೆಯೇ: ನಮ್ಮ ಕರೆಂಟಿಗೆ 180 ಗೆರೆಯದ್ದು ಬೇಕು, ಅಮೆರಿಕದ 216 ಗೆರೆಯದ್ದು ಸುಳ್ಳು ಹೇಳುತ್ತದೆ.

ನಮ್ಮಲ್ಲಿ ಸಿಗುವ ಹಳೆಯ ಬೀಟಲ್ಸ್, ಪಿಂಕ್ ಫ್ಲಾಯ್ಡ್ ರೆಕಾರ್ಡುಗಳಲ್ಲಿ ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಅಚ್ಚು ಹಾಕಿದವು ಬಹಳ. ಕೊಳ್ಳುವಾಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ತಾಕದ ಕೂದಲೆಳೆ ಗೀಚುಗಳಿಗೆ ಹೆದರಬೇಕಿಲ್ಲ, ಬೂದು ಬಣ್ಣಕ್ಕೆ ತಿರುಗಿದ ಗೀರುಗಳಿಗೆ ಹೆದರಿ, ಅದು ಸವೆತ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿಗೆ ಆಹಾರ ಕಾಗದದ ಒಳಚೀಲ. ಅದನ್ನು ತೆಗೆದು ಪಾಲಿಥೀನ್ ಒಳಪದರದ ಚೀಲ ಹಾಕಿ, ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗಿಸಬೇಡಿ. ತೊಳೆಯಲು ನಾಲ್ಕು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. 78 ಸುತ್ತಿನ ಹಳೆಯ ಶೆಲ್ಯಾಕ್ ತಟ್ಟೆಗಳಿಗೆ ಮಾತ್ರ ಆಲ್ಕೊಹಾಲ್ ಮುಟ್ಟಿಸಲೇಬಾರದು, ಕರಗುತ್ತವೆ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಗೀರಿನೊಳಗೆ ಸುಣ್ಣ ಉಳಿಯುತ್ತದೆ, ಚಟಪಟ ಹೆಚ್ಚುತ್ತದೆ.

ಮೊದಲ ತಿಂಗಳಿಗೆ ಆಲ್ಬಮ್ ಆರಿಸುವುದಾದರೆ 'ಆ್ಯಬಿ ರೋಡ್', ಲೆಡ್ ಝೆಪೆಲಿನ್‌ನ ನಾಲ್ಕನೆಯದು, 'ರೂಮರ್ಸ್', ನಾಲ್ಕನೇ ವಾರಕ್ಕೆ ಪಿಂಕ್ ಫ್ಲಾಯ್ಡ್‌ನ 1975ರ 'ವಿಶ್ ಯು ವರ್ ಹಿಯರ್'. ಕೊನೆಯದರ ಎರಡನೇ ಸೈಡು ಎಲ್ಲಿ ಮೆಲ್ಲಗಾಗುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ. ರಾಯ್ ಹಾರ್ಪರ್ ಹಾಡಿದ 'ಹ್ಯಾವ್ ಎ ಸಿಗಾರ್'ನ ಕೊನೆಗೆ ಇಡೀ ತಂಡ ಒಮ್ಮೆಗೇ ಕುಗ್ಗಿ ಪುಟ್ಟ ರೇಡಿಯೊದೊಳಗೆ ಸೇರಿಕೊಳ್ಳುತ್ತದೆ. ಯಾರೋ ಸ್ಟೇಷನ್ ತಿರುಗಿಸುತ್ತಾರೆ, ಡೇವಿಡ್ ಗಿಲ್ಮೋರ್‌ನ ಕಾರಿನ ರೇಡಿಯೊದಿಂದ ಮುದ್ರಿಸಿಕೊಂಡ ಸದ್ದು ಅದು. ಚೈಕೋವ್‌ಸ್ಕಿಯ ನಾಲ್ಕನೇ ಸಿಂಫನಿಯ ಚೂರೊಂದು ಹಾದುಹೋಗುತ್ತದೆ. ಆಮೇಲೆ 12 ತಂತಿಯ ಗಿಟಾರ್, ತೆಳ್ಳಗೆ, ದೂರದ ಸ್ಟೇಷನ್ನಿನಿಂದ ಬಂದಂತೆ. ಅದಕ್ಕೆ ಉತ್ತರವಾಗಿ ಇನ್ನೊಂದು ಗಿಟಾರ್, ನಿಮ್ಮ ಕೋಣೆಯಲ್ಲೇ ಕೂತು ನುಡಿಸಿದಂತೆ. ರೇಡಿಯೊದಲ್ಲಿ ಶೀರ್ಷಿಕೆ ಹಾಡು ಒಂಟಿಯಾಗಿ ಬಂದಾಗ ಹಿಂದಿನ ಹಾಡು ಕುಗ್ಗುವುದು ಇರುವುದಿಲ್ಲ. ಪ್ರೊಸೆಸರ್ ಆ ತೆಳು ಗಿಟಾರನ್ನು ಮೇಲೆತ್ತಿ ಎರಡನ್ನೂ ಅಕ್ಕಪಕ್ಕ ಕೂರಿಸುತ್ತದೆ. ಆ ವಾರ ರೇಡಿಯೊದಲ್ಲಿ ಈ ಹಾಡು ಸಿಕ್ಕರೆ ಭಾನುವಾರಕ್ಕೆ ಕಾಯಬೇಡಿ, ಅದೇ ಸಂಜೆ ಎರಡನೇ ಸೈಡನ್ನು 'ಸಿಗಾರ್'ನಿಂದಲೇ ಹಾಕಿ, ವಾಲ್ಯೂಮ್ ಮುಟ್ಟದೆ, ಎರಡು ಗಿಟಾರುಗಳ ನಡುವಿನ ದೂರವನ್ನು ಕೇಳಿ.